ಮಾತ್ರೆ ಬಿಟ್ಟ ದಿನಗಳು

ಡಾಕ್ಟರಮ್ಮನವರಿಗೆ ನಮಸ್ಕಾರ.

ಗಮನ ನಿಲ್ಲಲೆಂದು ನೀವು ಕೊಟ್ಟ ಮಾತ್ರೆಯನ್ನು ಮಗಳು ತಪ್ಪಿಸುತ್ತಿಲ್ಲವೆಂದು ಕಳೆದ ಸಲ ಹೇಳಿದೆ. ಅದು ಸುಳ್ಳು. ಆರು ವರ್ಷ ಚಾಚೂ ತಪ್ಪದೆ ನುಂಗಿದವಳು, ಹದಿನೆಂಟು ತುಂಬಿದ ಮೇಲೆ ವಾರಕ್ಕೆರಡು ದಿನವೂ ನುಂಗುತ್ತಿಲ್ಲ.

ನನಗೆ ಗೊತ್ತಿತ್ತು. ಮಾತ್ರೆ ಬಿಟ್ಟ ದಿನ ಅವಳು ನನ್ನ ಕ್ಷೌರದಂಗಡಿಗೆ ಬಂದು, ಕುರ್ಚಿಯಲ್ಲೇ ಗೊರಕೆ ಹೊಡೆಯುವ ಗಿರಾಕಿಗಳನ್ನು ಅಣಕಿಸಿ ಎಲ್ಲರಿಗೂ ಹೊಟ್ಟೆ ಹುಣ್ಣಾಗುವಂತೆ ನಗಿಸುತ್ತಾಳೆ. ನಾನೂ ಬ್ಲೇಡು ಕೆಳಗಿಟ್ಟು ನಗುತ್ತೇನೆ. ಅದಕ್ಕೇ ಕಂಡೂ ಕಾಣದಂತೆ ಇದ್ದುಬಿಟ್ಟೆ.

ಸೋಮವಾರ, ತಾನು ಕೆಲಸಕ್ಕೆ ಹೋಗುವ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕಾಗದ ಕತ್ತರಿಸುವಾಗ ಅವಳ ಗಮನ ಎತ್ತಲೋ ಹೋಗಿ ಹೆಬ್ಬೆರಳಿಗೆ ಐದು ಹೊಲಿಗೆ ಬಿದ್ದವು. ಇನ್ನೊಮ್ಮೆ ಹೀಗಾದರೆ ಕೆಲಸವಿಲ್ಲ ಎಂದಿದ್ದಾರೆ ಮಾಲೀಕರು.

ಮರುದಿನ ಬೆಳಿಗ್ಗೆ ಮಾತ್ರೆ, ನೀರು ಹಿಡಿದು ಅವಳ ಮುಂದೆ ನಿಂತೆ.

"ತಗೊಂಡ್ರೆ ಕೆಲಸ ಆಗತ್ತಪ್ಪ, ಆದ್ರೆ ನಾನೇ ಇರಲ್ಲ," ಎಂದಳು. "ನಿಂಗೆ ಯಾವ ಮಗಳು ಬೇಕು, ಹೇಳು. ಆ ಮಗಳೇ ಆಗ್ತೀನಿ."

ಲೋಟವನ್ನು ಮೇಜಿನ ಮೇಲಿಟ್ಟು ಅಂಗಡಿಗೆ ಹೋದೆ.

ಗುರುವಾರ ಅವಳನ್ನು ಕಳಿಸುತ್ತೇನೆ. ಕಡಿಮೆ ಪ್ರಮಾಣವೋ, ಬೇರೆ ಮಾತ್ರೆಯೋ ಇದ್ದರೆ ದಯವಿಟ್ಟು ನೋಡಿ. ಅಪ್ಪ ಏನಂದರು ಎಂದು ಮಾತ್ರ ಅವಳನ್ನು ಕೇಳಬೇಡಿ.

ಇಂತಿ,
ನಿಮ್ಮ ಹಳೆಯ ಪೇಷಂಟಿನ ತಂದೆ