ಮೂರನೇ ಪಾಳಿಯ ದನಿ

ದಾವಣಗೆರೆ, ನೆರಳುಪೇಟೆ
ಎರಡನೇ ಬೇಸಿಗೆಯ ನಡುದಿನ, ಕ್ರಿ.ಶ. 2179

ಸುಮಿತ್ರಜ್ಜಿಯವರಿಗೆ ನಿಮ್ಮ ಮರಿಮಗಳ ಮೊಮ್ಮಗಳು ದುಗ್ಗಮ್ಮ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಕಾಗದ ಹರಿದುಹಾಕಬೇಡಿ. ನಿಮಗಿನ್ನೂ ನಲವತ್ತು ತುಂಬಿಲ್ಲ, ಅಜ್ಜಿ ಎಂದು ಕರೆದದ್ದಕ್ಕೂ ಕ್ಷಮೆಯಿರಲಿ. ನಮ್ಮ ಮನೆಯಲ್ಲಿ ನಿಮಗೆ ಬೇರೆ ಹೆಸರಿಲ್ಲ. ನನ್ನ ಕನ್ನಡ ಅಲ್ಲಲ್ಲಿ ವಿಚಿತ್ರವಾಗಿ ಕಾಣಬಹುದು. ನಿಮ್ಮ ಕಾಲದ ಮಾತನ್ನು ನಿಮ್ಮ ಹಾಡುಗಳಿಂದಲೇ ಕಲಿತು ಬರೆಯುತ್ತಿದ್ದೇನೆ, ಹಾಗಾಗಿ ಎಲ್ಲಾದರೂ ಕಿರುಚಿದಂತೆ ಕೇಳಿದರೆ ಅದರಲ್ಲಿ ನಿಮ್ಮ ಪಾಲೂ ಇದೆ. ಹಿಂದಂಚೆ, ಅಂದರೆ ಹಿಂದಿನ ಕಾಲಕ್ಕೆ ಕಾಗದ ಒಯ್ಯುವ ಅಂಚೆ, ಒಬ್ಬರಿಗೆ ಜೀವಮಾನದಲ್ಲಿ ಒಮ್ಮೆ ಮಾತ್ರ ಸಿಗುತ್ತದೆ. ಜನ ಸಾಮಾನ್ಯವಾಗಿ ತೀರಿಹೋದ ತಾಯಿಗೆ ಬರೆಯುತ್ತಾರೆ. ನಾನು ನಿಮಗೆ ಬರೆಯಬೇಕಾಗಿ ಬಂತು.

ನಿಮ್ಮ ‘ಮೂರನೇ ಪಾಳಿ’ ಬ್ಯಾಂಡ್ ನಮ್ಮ ಶಾಲೆಗಳಲ್ಲಿ ಒಂದು ಪಾಠ. ಮುಚ್ಚಿಹೋದ ಬಟ್ಟೆ ಗಿರಣಿಯ ಕೆಲಸಗಾರರ ಮಕ್ಕಳಾದ ನೀವು, ಗಿಟಾರಿನ ಇಮ್ತಿಯಾಜ್, ಡ್ರಮ್ಸಿನ ತಿಪ್ಪೇಶ ಸೇರಿ ಅಪ್ಪಂದಿರ ಪಾಳಿಯ ಹೆಸರನ್ನೇ ಬ್ಯಾಂಡಿಗೆ ಇಟ್ಟದ್ದು ಇಲ್ಲಿನ ಎಳೆ ಮಕ್ಕಳಿಗೂ ಗೊತ್ತು. ಗಣಪತಿ ಪೆಂಡಾಲಿನಲ್ಲಿ ಕರೆಂಟು ಹೋದಾಗ ನೀವು ಮೈಕಿಲ್ಲದೆ ಹಾಡಿದಿರಿ, ತಿಪ್ಪೇಶಜ್ಜ ಒಬ್ಬರೇ ಬಾರಿಸಿದರು, ಒಬ್ಬರೂ ಎದ್ದು ಹೋಗಲಿಲ್ಲ. ಅದು ನಮಗೆ ‘ಮೊದಲ ಸದ್ದು’ ಹಬ್ಬ. ಅಂದು ಊರಿನವರೆಲ್ಲ ತಂಪುಯಂತ್ರಗಳನ್ನು ಆರಿಸಿ ಬೆವರುತ್ತಾ ಕೂರುತ್ತೇವೆ. ಇಮ್ತಿಯಾಜಜ್ಜನ ಮಾವನ ಹತ್ತಿ ಗೋದಾಮಿನಲ್ಲಿ, ಗೋಡೆಗೆಲ್ಲ ಗಾದಿ ತೂಗುಹಾಕಿ ನೀವು ಮೊದಲ ಆಲ್ಬಮ್ ಮಾಡಿದ ನೆನಪಿಗೆ ವರ್ಷಕ್ಕೊಮ್ಮೆ ಪ್ರತಿ ಮನೆಯ ಬಾಗಿಲಿಗೂ ಒಂದು ಗಾದಿ ತೂಗುತ್ತದೆ. ಬೆಂಗಳೂರಿನ ದೊಡ್ಡ ಮೈದಾನದಲ್ಲಿ, ಹಾಡಿನ ನಡುವೆಯೇ ತಿಪ್ಪೇಶಜ್ಜ ಕಡ್ಡಿಗಳನ್ನು ಕೆಳಗಿಟ್ಟು ಹೊರಟುಹೋದದ್ದೂ ಪಾಠದಲ್ಲಿದೆ. ನಿಮಗೆ ಆ ಗಾಯ ಇನ್ನೂ ಹಸಿಯಾಗಿದೆ; ನಮ್ಮ ಮಕ್ಕಳಿಗೆ ಅದು ಪರೀಕ್ಷೆಯಲ್ಲಿ ಐದು ಅಂಕದ ಪ್ರಶ್ನೆ. ದಾವಣಗೆರೆಯಲ್ಲಿ ಬೆಣ್ಣೆ ದೋಸೆ ಈಗಲೂ ಸಿಗುತ್ತದೆ, ಬೆಣ್ಣೆ ಮಾತ್ರ ಹಸುವಿನದಲ್ಲ.

ನಿಮ್ಮ ಮುಂದಿನ ಮೈಲಿಗಲ್ಲು, ಈ ಕಾಗದ ನಿಮ್ಮ ಕೈಸೇರುವ ವಾರವೇ ಬರುತ್ತದೆ. ತಿಪ್ಪೇಶಜ್ಜ ಮನಸ್ಸು ಕರಗಿ ವಾಪಸ್ಸು ಬರುತ್ತಾರೆ, ಮೂವರೂ ಒಟ್ಟಿಗೆ ಕೂತು ‘ಮುಂದುವರಿಕೆ’ಗೆ ಸಹಿ ಹಾಕುತ್ತೀರಿ. ನಿಮ್ಮ ದನಿಯನ್ನೂ ಅವರಿಬ್ಬರ ಕೈಚಳಕವನ್ನೂ ಯಂತ್ರಕ್ಕೆ ಕಲಿಸಿ, ನೀವು ಹೋದಮೇಲೂ ಬ್ಯಾಂಡ್ ನಡೆಯುವಂತೆ ಮಾಡುವ ಒಪ್ಪಂದವದು. ಬ್ಯಾಂಡ್ ಈಗಲೂ ನಡೆಯುತ್ತಿದೆ. ಯುಗಾದಿಗೊಂದು ಹೊಸ ಆಲ್ಬಮ್ ಬರುತ್ತದೆ. ಹಾಡುಗಳು ಕೆಟ್ಟದಾಗಿವೆ ಎಂದು ಹೇಳಲು ನನಗೆ ಬಹಳ ಆಸೆ, ಆದರೆ ಅವು ಚೆನ್ನಾಗಿಯೇ ಇವೆ. ನನ್ನ ತಕರಾರು ಹಾಡಿನದಲ್ಲ, ಒಪ್ಪಂದದ ಕೊನೆಗೆ ನೀವೇ ಹಟ ಹಿಡಿದು ಸೇರಿಸಿದ ಒಂದು ಸಾಲಿನದು.

ಆ ಸಾಲು ಯಾಕೆ ಬಂತೆಂದು ನಮಗೆ ಗೊತ್ತು. ಹರಿಹರದ ಮದುವೆಯೊಂದರಲ್ಲಿ ಆರ್ಕೆಸ್ಟ್ರಾದ ‘ಜೂನಿಯರ್ ಸುಮಿತ್ರಾ’ ನಿಮ್ಮ ಹಾಡನ್ನು ನಿಮ್ಮದೇ ದನಿಯಲ್ಲಿ ಹಾಡಿ ಚಪ್ಪಾಳೆ ಗಿಟ್ಟಿಸಿದಳು. ಊಟಕ್ಕೆ ಕೂತಿದ್ದ ನೀವು ಎಲೆ ಬಿಟ್ಟು ಎದ್ದಿರಿ. ಜೂನಿಯರುಗಳ ಕಾಟ ತಪ್ಪಲೆಂದು ‘ನಮ್ಮ ದನಿಯನ್ನು ಹೋಲುವ ಯಾವ ದನಿಯೂ ಇರತಕ್ಕದ್ದಲ್ಲ’ ಎಂದು ಬರೆಸಿದಿರಿ. ಸಿಟ್ಟಿನಲ್ಲಿ ಬರೆಸಿದ ಮಾತು ಮುಂದೆ ಕಾನೂನಾಯಿತು. ಈಗ ಬೀದಿಬೀದಿಗೆ ಕಿವಿಕಂಬಗಳಿವೆ. ಲೈಟುಕಂಬದಂಥವೇ, ಬೆಳಕು ಕೊಡುವ ಬದಲು ಕೇಳಿಸಿಕೊಳ್ಳುತ್ತವೆ. ಹದಿನಾರು ತುಂಬುವಾಗ ಎಲ್ಲರಿಗೂ ಕಂಠಗುರುತು ಆಗುತ್ತದೆ, ಅಂದರೆ ದನಿಯನ್ನು ನಿಮ್ಮ ದನಿಯ ಪಕ್ಕ ಇಟ್ಟು ನೋಡುತ್ತಾರೆ. ಹೋಲಿಕೆ ಕಂಡರೆ ಗಂಟಲಿಗೆ ಸಣ್ಣ ಚಿಕಿತ್ಸೆ ಮಾಡಿ ದನಿ ಬದಲಿಸುತ್ತಾರೆ. ನೋವೇನೂ ಆಗುವುದಿಲ್ಲವಂತೆ.

ಅಜ್ಜಿ, ನಿಮ್ಮ ದನಿಯನ್ನು ಹೋಲುವ ದನಿ ಎಲ್ಲಿ ಹುಟ್ಟೀತೆಂದು ನೀವು ಯೋಚಿಸಲೇ ಇಲ್ಲ. ಅದು ಹರಿಹರದಲ್ಲಿ ಹುಟ್ಟಲಿಲ್ಲ, ನಮ್ಮ ಮನೆಯಲ್ಲಿ ಹುಟ್ಟಿತು.

ನನ್ನ ಮಗಳು ಹಾಲಮ್ಮ. ಹಳೆಯ ಹೆಸರುಗಳಿಡುವುದೇ ಈಗಿನ ಫ್ಯಾಷನ್. ಪಾತ್ರೆ ತೊಳೆಯುವಾಗ, ಸ್ನಾನ ಮಾಡುವಾಗ, ನನ್ನೊಂದಿಗೆ ಜಗಳವಾಡುವಾಗಲೂ ಅವಳಿಗೆ ಹಾಡು ಬೇಕು. ಮೇಲಿನ ಸ್ವರಕ್ಕೆ ಹೋದಾಗ ನಿಮ್ಮದರ ಹಾಗೆಯೇ ಅವಳ ದನಿಯೂ ಸ್ವಲ್ಪ ಒಡೆಯುತ್ತದೆ. ಹೋದ ವಾರ ಕಂಠಗುರುತು ಆಯಿತು, ನಿಮ್ಮ ದನಿಯ ಹೋಲಿಕೆ ಕಂಡಿತು. ನಾವು ಸುಮಿತ್ರಜ್ಜಿಯ ರಕ್ತವೇ, ಅವಳು ಯಾರನ್ನೂ ನಕಲು ಮಾಡುತ್ತಿಲ್ಲ ಎಂದು ನಾನು ಕಂಠಗುರುತಿನ ಮಂಡಳಿಯವರಿಗೆ ಕೈಮುಗಿದೆ. ರಕ್ತಸಂಬಂಧ ಇದ್ದಮೇಲೆ ಹೋಲಿಕೆಯ ಬಗ್ಗೆ ಅನುಮಾನವೇ ಉಳಿಯಲಿಲ್ಲವಲ್ಲ ಎಂದರು. ಒಳ್ಳೆಯ ಜನ, ಕೂರಿಸಿ ಮಜ್ಜಿಗೆ ಕೊಟ್ಟರು.

ಚಿಕಿತ್ಸೆ ನಾಳೆ ಬೆಳಿಗ್ಗೆ. ಇಂದು ಮಧ್ಯಾಹ್ನ ತಲೆ ಬಾಚುವಾಗ ಹಾಲಮ್ಮ ಕೇಳಿದಳು: “ಅವ್ವಾ, ನಾಳಿಂದ ನಾ ಬ್ಯಾರೆ ದನೀಲಿ ಅವ್ವಾ ಅಂತ ಕರದ್ರೆ, ನಿಂಗೆ ನಾನೇ ಅಂತ ಗೊತ್ತಾಗತ್ತೇನು?” ಆಗುತ್ತದೆ ಎಂದೆ. ಸುಳ್ಳು ಹೇಳಿದೆನೋ ಏನೋ ನನಗೇ ತಿಳಿಯದು. ನನಗೆ ಭಯವಾಗಿದೆ ಅಜ್ಜಿ. ನಿಮ್ಮ ಮೇಲೆ ಸಿಟ್ಟೂ ಬಂದಿದೆ, ಬಚ್ಚಿಡುವುದಿಲ್ಲ.

ಒಪ್ಪಂದ ಬೇಕಾದರೆ ಇರಲಿ, ಯಂತ್ರ ಬೇಕಾದರೆ ಹಾಡಲಿ. ಆ ಕೊನೆಯ ಸಾಲನ್ನು ಮಾತ್ರ ಹೊಡೆದುಹಾಕಿ. ಹಟ ಹಿಡಿದು ಬರೆಸಿದ್ದನ್ನು ಈಗ ತೆಗೆಯಲು ಇಮ್ತಿಯಾಜಜ್ಜ ಒಪ್ಪಲಿಕ್ಕಿಲ್ಲ, ಜಗಳವಾಡಿ. ಅದು ನಿಮಗೆ ಹೊಸದಲ್ಲ. ಜೂನಿಯರ್ ಸುಮಿತ್ರಾ ಮದುವೆಮನೆಗಳಲ್ಲಿ ನಿಮ್ಮ ಹಾಡು ಹಾಡಿ ಹೊಟ್ಟೆ ಹೊರೆದುಕೊಳ್ಳಲಿ, ಮುಂದಿನ ಸಲ ನೀವು ಊಟ ಮುಗಿಸಿ ಬನ್ನಿ.

ನೀವು ಹಾಗೆ ಮಾಡಿದರೆ ನನಗೆ ತಿಳಿಯುವುದೇ ಇಲ್ಲ. ಕಿವಿಕಂಬಗಳು ಇದ್ದದ್ದು, ಈ ಕಾಗದ ಬರೆದದ್ದು ಯಾವುದೂ ನೆನಪಿರುವುದಿಲ್ಲ. ನಾಳೆ ಬೆಳಿಗ್ಗೆ ಹಾಲಮ್ಮ ಪಾತ್ರೆ ಬಡಿಯುತ್ತಾ ಹಾಡುತ್ತಿರುತ್ತಾಳೆ, ಸಾಕು ಮಾಡೇ ಮಾರಾಯ್ತಿ, ತಲೆ ಸಿಡಿಯುತ್ತಿದೆ ಎಂದು ನಾನು ಬೈಯುತ್ತಿರುತ್ತೇನೆ. ನಿಮಗೊಂದು ಕೃತಜ್ಞತೆ ಹೇಳಬೇಕೆಂದು ಆಗ ನನಗೆ ಹೊಳೆಯುವುದೂ ಇಲ್ಲ. ಆದ್ದರಿಂದ ಈಗಲೇ ಹೇಳುತ್ತಿದ್ದೇನೆ.

ನಿಮ್ಮ
ದುಗ್ಗಮ್ಮ