ಪರದೆಯ ಹಿಂದಿನ ಎಡಚ

ಇಬ್ರಾಹಿಂಪುರ, ವಿಜಾಪುರ
ತಾ. ೯-೨-೧೯೪೬, ಶನಿವಾರ

ನಮ್ಮ ನೀಲಾಳ ಅಪ್ಪನವರಿಗೆ ಕಾಶಿಬಾಯಿ ಮಾಡುವ ಶರಣಾರ್ಥಿಗಳು.

ಇಲ್ಲಿ ನಾವೆಲ್ಲ ಕ್ಷೇಮ. ಗದಗಿನ ಗಾಳಿಗೆ ನಿಮ್ಮ ಕೆಮ್ಮು ಕಡಿಮೆಯಾಯಿತೇ? ಸಿಗ್ನಲ್ ಕ್ಯಾಬಿನ್ನಿನಲ್ಲಿ ಪಾಳಿ ಇದ್ದಾಗ ಕಿವಿಗೆ ರುಮಾಲು ಸುತ್ತಿಕೊಳ್ಳುತ್ತೀರೋ, ಇಲ್ಲ ಬರಿತಲೆಯಲ್ಲೇ ಕೂಡುತ್ತೀರೋ? ಸ್ಟೇಶನ್ನಿನ ಚಹಾ ಮೇಲಿಂದ ಮೇಲೆ ಕುಡಿಯಬೇಡಿ, ಪಿತ್ತ ಏರುತ್ತದೆ. ಅತ್ತೆಯವರ ಮೊಣಕಾಲು ನೋವು ಹಾಗೇ ಇದೆ, ಬಾಯಿ ಮಾತ್ರ ಗಟ್ಟಿಮುಟ್ಟಾಗಿದೆ. ಎಮ್ಮೆ ಈದಿದೆ, ಹೆಣ್ಣು ಕರು. ಗಿಣ್ಣದ ಹಾಲು ಕಾಸುವಾಗ ನಿಮ್ಮ ನೆನಪಾಯಿತು. ಇಷ್ಟನ್ನು ಸಮಾಧಾನದಿಂದ ಬರೆದೆ. ಇನ್ನು ಮುಂದಿನದನ್ನು ಸಿಟ್ಟಿನಿಂದ ಬರೆಯುತ್ತೇನೆ, ಕೂತುಕೊಂಡು ಓದಿ.

ನಿಮ್ಮ ಕಾಗದ ಸೋಮವಾರ ಬಂತು. ಮೊದಲರ್ಧ ಓದಿ ನಕ್ಕೆ. ಗದಗಿನಲ್ಲಿ ನೋಡಿದ ಹೊಸ ಸಾಮಾಜಿಕ ಚಿತ್ರದಲ್ಲಿ ಸುಧೀರಚಂದ್ರ ಎಂಬ ನಟ ಪಿಯಾನೋ ಮುಂದೆ ಕೂತು ಹಾಡುತ್ತ ಅತ್ತನಂತೆ, ಅವನ ಜೊತೆ ನೀವೂ ಅತ್ತಿರಂತೆ, ಅಂಥ ನಟ ಹಿಂದೆ ಆಗಿಲ್ಲ ಮುಂದೆ ಆಗುವುದಿಲ್ಲವಂತೆ. ನೀಲಾ ಹುಟ್ಟಿದಾಗ, ನನ್ನ ತಾಯಿ ತೀರಿಕೊಂಡಾಗ ಒದ್ದೆಯಾಗದ ಕಣ್ಣುಗಳು ಪಿಯಾನೋ ಕೇಳಿ ಒದ್ದೆಯಾದವಲ್ಲ, ಸಂತೋಷ. ಆದರೆ ಉಳಿದರ್ಧವನ್ನು ನೀವು ನಿಮ್ಮ ತಾಯಿಗೆಂದು ಬರೆದಿದ್ದಿರಿ. ಅವರಿಗೆ ಓದಲು ಬಾರದು ಎಂಬುದು ನಿಮಗೆ ಗೊತ್ತು. ಓದಿ ಹೇಳಬೇಕಾದವಳು ನಾನು ಎಂಬುದೂ ಗೊತ್ತು. ಟಿಕೋಟಾದವರು ಗುರುವಾರ ಕನ್ಯಾ ನೋಡಲು ಬರುವ ತನಕ ಹುಡುಗಿಯ ಎಡಗೈ ಕಟ್ಟಿ ಬಲಗೈ ರೂಢಿ ಮಾಡಿಸಬೇಕು, ಇವಳ ತಾಯಿ ಸಿನೇಮಾದ ಎಡಚರ ಹೆಸರು ಹೇಳಿ ಹೇಳಿ ಹುಡುಗಿಯನ್ನು ಕೆಡಿಸಿದ್ದಾಳೆ ಎಂದು ಬರೆದ ಸಾಲನ್ನು ನನ್ನ ಬಾಯಿಂದಲೇ ನಾನು ಓದಿ ಹೇಳಿದೆ. ಅತ್ತೆಯವರು ತಡಮಾಡಲಿಲ್ಲ. ನಿಮ್ಮ ಹಳೆಯ ಧೋತರದ ಅಂಚು ಹರಿದು, ನೀಲಾಳ ಎಡಗೈಯನ್ನು ಅವಳ ಸೊಂಟಕ್ಕೆ ಬಿಗಿದರು. ಹುಡುಗಿ ಒಂದೇ ಕೈಯಲ್ಲಿ ರೊಟ್ಟಿ ಬಡಿಯಲು ಹೋಗಿ ಹಂಚಿಗೆ ಮಣಿಕಟ್ಟು ತಾಗಿಸಿಕೊಂಡಳು.

ಸಿನೇಮಾದ ಎಡಚರು ಎಂದಿರಲ್ಲ, ಆ ಜಗಳ ನಮ್ಮಿಬ್ಬರ ಲಗ್ನದಷ್ಟೇ ಹಳೆಯದು. ಗೋಳಗುಮ್ಮಟದ ಬಯಲಿಗೆ ತಂಬು ಬಂದಾಗಲೆಲ್ಲ ನೀವು ಗಂಡಸರು ಪರದೆಯ ಮುಂದೆ ಬೆಂಚಿನ ಮೇಲೆ ಕೂಡುತ್ತಿದ್ದಿರಿ, ನಮ್ಮನ್ನು ಪರದೆಯ ಹಿಂದೆ ಚಾಪೆಯ ಮೇಲೆ ಕೂಡಿಸುತ್ತಿದ್ದರು. ಬಟ್ಟೆಯ ಆಚೆಗೂ ಚಿತ್ರ ಚೆನ್ನಾಗಿ ಮೂಡಲೆಂದು ನಡುನಡುವೆ ಒಬ್ಬ ಬಂದು ಪರದೆಗೆ ನೀರು ಎರಚುತ್ತಿದ್ದ. ಅರ್ಧ ನೀರು ಪರದೆಗೆ, ಅರ್ಧ ನಮ್ಮ ತಲೆಗೆ. ಆದರೂ ಏನು ಸುಖ! ಮಾಸ್ಟರ ದೌಲತ ಮುಖಕ್ಕೆ ಕರಿ ಪಟ್ಟಿ ಕಟ್ಟಿಕೊಂಡು ಕೋಟೆಯ ಗೋಡೆಯಿಂದ ಕುದುರೆಯ ಮೇಲೆ ಹಾರಿ, ಎಡಗೈಯಲ್ಲಿ ಕತ್ತಿ ಹಿರಿದರೆ ನಮ್ಮ ಕಡೆಯವರೆಲ್ಲ ಎದ್ದು ನಿಲ್ಲುತ್ತಿದ್ದೆವು. ಅವನೊಬ್ಬನೇ ಅಲ್ಲ, ರಾಜ, ಮಂತ್ರಿ, ಅಡಿಗೆಯವನು, ಎಲ್ಲರೂ ಎಡಚರೇ. ಮುಂಬಯಿಯ ಮಂದಿ ಹಾಗೇ ಇರಬೇಕು ಎಂದುಕೊಂಡಿದ್ದೆವು. ನಾಯಕಿ ಮಿಸ್ ರೋಶನಿ ನಮ್ಮ ಹಾಗೆ ಬಲಸೆರಗು ಹೊದೆಯುತ್ತಾಳೆ, ನಮ್ಮ ಕಡೆಯವಳೇ ಇರಬೇಕು ಎಂದು ನನಗೆ ಅವಳ ಮೇಲೆ ಬೇರೆಯೇ ಪ್ರೀತಿ. ಪಕ್ಕದ ಮನೆಯ ಹಸೀನಾಗೆ ಕತ್ತಿ ಕುದುರೆ ಬೇಡ, ನವಾಬರ ಮನೆತನದ ಚಿತ್ರ ಬೇಕು, ಒಂದು ಒಳ್ಳೆಯ ಮಾತಿಗೆ ಒಂದು ಸೆರಗು ಒದ್ದೆಯಾಗಬೇಕು. ಉರ್ದು ಓದಬಲ್ಲ ಅವಳೂ ಹೆಸರುಗಳು ಬಂದಾಗ ಕಣ್ಣು ಕಿರಿದು ಮಾಡಿ ನೋಡಿ, "ಇದು ನಮ್ಮ ಉರ್ದು ಅಲ್ಲ ಬಿಡವಾ, ಇಂಗ್ಲೀಷ ಇರಬೇಕು" ಎನ್ನುತ್ತಿದ್ದಳು. ನೀಲಾಳಿಗೆ ಟೋಪಿ ಕಳಕೊಳ್ಳುವ ಆ ಡೊಳ್ಳುಹೊಟ್ಟೆಯ ಹಾಸ್ಯಗಾರ ಬಂದರೆ ಸಾಕು. ಅತ್ತೆಯವರಿಗೆ ಮಾತ್ರ ಮೂಕಿಪಟದ ದೇವರುಗಳೇ ದೇವರು. ಆಗಿನ ತಂಬುಗಳಲ್ಲಿ ಹೆಂಗಸರೂ ಮುಂದೆಯೇ, ಹಗ್ಗದ ಆ ಬದಿಗೆ ಕೂಡುತ್ತಿದ್ದರಂತೆ. "ಮೂಕ ದೇವರು ಬಲಗೈಲೆ ಆಶೀರ್ವಾದ ಮಾಡತಿದ್ರು. ಮಾತಾಡೂ ದೇವರು ಬಂದು ಎಡಗೈ ಎತ್ತಿದ್ರು, ಅದಕ್ಕ ಜಗತ್ತಿಗೆ ಲಡಾಯಿ ಬಂತು" ಎಂದು ಇವತ್ತಿಗೂ ಹೇಳುತ್ತಾರೆ.

ನೀವೋ, ಪ್ರತಿ ಸಲ ಟಾಂಗಾದಲ್ಲಿ ಮನೆಗೆ ಬರುವಾಗ "ಅಂವಾ ಎಡಚ ಅಲ್ಲಬೇ, ಬಲಗೈಯವ. ನೀ ಅಳಕೋತ ಕುಂತಿರತೀ, ನಿನಗೇನು ಕಾಣತೈತಿ? ನನ್ನವು ಸಿಗ್ನಲ್ ನೋಡೂ ಕಣ್ಣು" ಎನ್ನುತ್ತಿದ್ದಿರಿ. ನಾನೂ ಬಿಡುತ್ತಿರಲಿಲ್ಲ. ನೀಲಾ ಎಡಗೈಯಲ್ಲಿ ಪಾಟಿಯ ಮೇಲೆ ಬರೆದು ಶಾಲೆಯಲ್ಲಿ ಏಟು ತಿಂದು ಬಂದಾಗಲೆಲ್ಲ "ಅಳಬ್ಯಾಡ, ಮಾಸ್ಟರ ದೌಲತನೂ ಎಡಚನ" ಎಂದು ಕಣ್ಣೊರೆಸಿದ್ದೇನೆ. ಆ ಹುಡುಗಿ ಬೆಳೆದದ್ದೇ ಆ ಒಂದು ಮಾತಿನ ಮೇಲೆ.

ಅದಕ್ಕೇ ಮಂಗಳವಾರ ಹಟ ಹಿಡಿದು ಹೊರಟೆ. ಊರಲ್ಲಿ ಕಲ್ಲುಗೋಡೆಯ ಹೊಸ ಥೇಟರು ಆಗಿದೆಯಲ್ಲ, ಅಲ್ಲಿ ದೌಲತನ ಅದೇ ಕೋಟೆಯ ಚಿತ್ರವನ್ನು ಮತ್ತೆ ಹಾಕಿದ್ದಾರೆ. ಮಧ್ಯಾಹ್ನದ ಆಟಕ್ಕೆ ನೀಲಾಳನ್ನೂ ಹಸೀನಾಳನ್ನೂ ಕರಕೊಂಡು ಹೋದೆ. ಕಣ್ಣಾರೆ ಇನ್ನೊಮ್ಮೆ ನೋಡಿ, ಮನೆಗೆ ಬಂದು ಅತ್ತೆಯವರ ಮುಂದೆ ಆಣೆ ಮಾಡಿ ಹೇಳಿ, ಮಗಳ ಕೈಯ ಕಟ್ಟನ್ನು ಕಾಯಂ ಬಿಚ್ಚಿಸುವುದು ನನ್ನ ವಿಚಾರ. ಅಲ್ಲಿ ಹೆಂಗಸರಿಗೆ ಮಾಳಿಗೆಯ ಮೇಲೆ ಜಾಗ, ಪರದೆಗೆ ಎದುರಾಗಿ. ದೌಲತ ಬಂದ. ಗೋಡೆ ಹಾರಿದ. ಕತ್ತಿ ಹಿರಿದ. ಬಲಗೈಯಲ್ಲಿ! ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು "ಏ ತಮ್ಮಾ, ಪಟ ತಿರುವಿ ಹಾಕೀಯೋ! ನಮ್ಮ ದೌಲತ ಎಡಚ ಅದಾನ!" ಎಂದು ಕೂಗಿದೆ. ಯಂತ್ರ ನಡೆಸುವವನು ಕಿಟಕಿಯಿಂದ ತಲೆ ಹೊರಗೆ ಹಾಕಿ "ಬಾಯಾರ, ಇಷ್ಟ ದಿವಸ ಎಲ್ಲಿ ಕುಂತ ನೋಡತಿದ್ರಿ?" ಎಂದ. "ಪರದಾದ ಹಿಂದ" ಎಂದೆ. "ಹಂಗಾದ್ರ ನೀವು ಬರೇ ಅದರ ಬೆನ್ನ ನೋಡೀರಿ" ಎಂದ. ಕೆಳಗೆ ಗಂಡಸರೆಲ್ಲ ನಕ್ಕರು. ಬೆಂಚು ಬಡಿದು ನಕ್ಕರು. ಅವರ ಮನೆಯ ಹೆಂಗಸರೂ ಪರದೆಯ ಬೆನ್ನನ್ನೇ ನೋಡಿದವರಲ್ಲವೇ, ಅದು ಅವರಿಗೆ ಹೊಳೆಯಲಿಲ್ಲ. ಸ್ವಲ್ಪ ಹೊತ್ತಿಗೆ ಮಿಸ್ ರೋಶನಿ ಬಂದಳು, ಎಡಸೆರಗು ಹೊದ್ದುಕೊಂಡು. ಅಲ್ಲಿಗೆ ಅವಳೂ ಪರವೂರಿನವಳಾದಳು.

ನನಗೆ ಅವಮಾನವಾದದ್ದು ದೊಡ್ಡದಲ್ಲ. ಆ ಹಾಸ್ಯಗಾರನ ಟೋಪಿ ಹಾರಿದಾಗಲೂ ನೀಲಾ ನಗಲಿಲ್ಲ. ಥೇಟರಿಗೆ ಹೋಗುವಾಗ ನಾನು ಅವಳ ಕೈ ಬಿಚ್ಚಿದ್ದೆ. ಮನೆಗೆ ಬಂದವಳು ಚಪ್ಪಲಿ ಕಳಚಿ ನೇರವಾಗಿ ಅಜ್ಜಿಯ ಮುಂದೆ ಕೂತು, ಎಡಗೈ ತಾನೇ ಮುಂದೆ ಮಾಡಿ "ಕಟ್ಟಬೇ ಆಯೀ" ಎಂದಳು. ಈಗ ಹೇಳಿ, ನಾನು ಯಾರ ಮೇಲೆ ಸಿಟ್ಟಾಗಬೇಕು? ಮುಂದೆ ಕೂತವರಿಗೆ ಚಿತ್ರ ತೋರಿಸಿ ನಮಗೆ ಅದರ ಬೆನ್ನು ಮಾರಿದ ಆ ತಂಬುವಿನವನ ಮೇಲೋ? ಟಿಕೇಟು ತಂದು, ನನ್ನನ್ನು ಹಿಂದಿನ ಬಾಗಿಲ ತನಕ ಬಿಟ್ಟು ಬಂದು, ಮನೆಗೆ ಹೋಗುವಾಗ ನನಗೆ ಕಣ್ಣಿಲ್ಲ ಎಂದ ನಿಮ್ಮ ಮೇಲೋ? ಗಡಿಯಾರದ ಮುಳ್ಳಿನಿಂದ ಹಿಡಿದು ಗ್ರಹಣದ ತನಕ ಎಲ್ಲವನ್ನೂ ಬಿಡಿಸಿ ಹೇಳುವ ಚಟ ನಿಮ್ಮದು. ಪರದೆಯ ಹಿಂದೆ ಕೂತವಳಿಗೆ ಬಲ ಎಡವಾಗಿ ಕಾಣುತ್ತದೆ ಎಂದು ಇಷ್ಟು ವರ್ಷದಲ್ಲಿ ಒಮ್ಮೆಯಾದರೂ ನಿಮಗೆ ಹೊಳೆಯಲಿಲ್ಲವೇ? ಅಲ್ಲಿ ನಾನು ಹೇಗೆ ಕೂತಿದ್ದೇನೆ, ಏನು ಕಾಣುತ್ತದೆ ಎಂದು ಒಂದು ದಿನ ಹಿಂದೆ ಬಂದು ನೋಡಿದ್ದರೆ ತಿಳಿಯುತ್ತಿತ್ತು. ನೀವು ಬರಲಿಲ್ಲ.

ಗುರುವಾರ ಟಿಕೋಟಾದವರು ಬಂದರು. ಹುಡುಗನ ತಂದೆ ಶಾಂತಪ್ಪನವರು, ತಾಯಿ ಲಕ್ಕವ್ವ, ಹುಡುಗ ಗುರಲಿಂಗಪ್ಪ. ಹುಡುಗ ಒಳ್ಳೆಯವನ ಹಾಗೆ ಕಾಣುತ್ತಾನೆ, ಮಂಡಕ್ಕಿಯ ಸೂಸಲ ಎರಡು ಸಲ ಹಾಕಿಸಿಕೊಂಡ. ನೀಲಾ ಎಡಗೈಯನ್ನು ಸೆರಗಿನೊಳಗೆ ಕಟ್ಟಿಸಿಕೊಂಡೇ ಬಲಗೈಯಲ್ಲಿ ಚಹಾದ ತಬಕ ತಂದಳು. ಹಿರಿಯರ ಮುಂದೆ ಬಗ್ಗಿದಳು, ತಬಕ ವಾಲಿತು. ಹಿಡಿಯಬೇಕಾದ ಕೈ ಹೊರಗೆ ಬರಲಿಲ್ಲ. ಚಹಾ ಎಲ್ಲ ಶಾಂತಪ್ಪನವರ ಧೋತರದ ಮೇಲೆ, ಕಪ್ಪು ಬಸಿ ಚೂರು ಚೂರು. ಸೆರಗು ಜಾರಿ ಕಟ್ಟಿದ ಕೈ ಎಲ್ಲರಿಗೂ ಕಂಡಿತು. "ಕೈಗೆ ಏನಾಗೇತಿ ತಂಗೀ?" ಎಂದು ಅವರು ಕೇಳಿದರು. ಅತ್ತೆಯವರು "ಸುಟಗೊಂಡಾಳ್ರಿ" ಎಂದರು. ನೀಲಾ ತಲೆ ಎತ್ತಿ, "ಸುಟ್ಟಿಲ್ಲರಿ. ನಾ ಎಡಚಿ ಅದೀನಿ. ಅದಕ್ಕ ಕಟ್ಟ್ಯಾರ" ಎಂದಳು. ನಾನು ಬಾಗಿಲ ಮರೆಯಲ್ಲಿದ್ದೆ. ನನ್ನ ಮಗಳ ಬಾಯಿಂದ ಆ ಮಾತು ಬಂದಾಗ ನನಗೆ ಹೆದರಿಕೆಯೂ ಆಯಿತು, ಹೆಮ್ಮೆಯೂ ಆಯಿತು. ಶಾಂತಪ್ಪನವರು ರುಮಾಲು ಸರಿಮಾಡಿಕೊಂಡು ಏಳಲು ಹೊರಟರು.

ಆಗ ಲಕ್ಕವ್ವ ಕೂತಲ್ಲಿಂದಲೇ ಗಂಡನನ್ನು ಗದರಿಸಿದಳು. "ಕುಂಡರ್ರಿ. ಎಡಚಿ ಆದರ ಏನಾತು? ಮಾಸ್ಟರ ದೌಲತ ಎಡಚ ಅಲ್ಲೇನು? ನನ್ನ ತವರಮನಿ ಬಬಲೇಶ್ವರಕ್ಕ ತಂಬೂ ಬಂದಾಗ ಕಣ್ಣಾರೆ ನೋಡೀನಿ. ಎಡಗೈಲೆ ಕತ್ತಿ ಹಿಡದು ಕ್ವಾಟಿ ಗೆದ್ದಾನ. ನೀವು ಸಿನೇಮಾ ನೋಡೀರೇನು?" ಎತ್ತಿನ ಸಂತೆ ಬಿಟ್ಟು ಬೇರೇನೂ ನೋಡದ ಮನುಷ್ಯ ಅವರು. "ಖರೇನ?" ಎಂದರು. "ಖರೇ ಅಂದ್ರ ಖರೇ" ಎಂದಳು. ಅವರು ಮತ್ತೆ ಕೂತರು. ಪಾಪ, ಇವಳೂ ನನ್ನ ಹಾಗೆ ಮೋಸಹೋದವಳು, ಹೇಳಿಬಿಡಲೇ ಎಂದು ಒಂದು ಮನಸ್ಸು. ಹೇಳಿದರೆ ಮಗಳ ಗತಿ ಏನು ಎಂದು ಇನ್ನೊಂದು. ಹೇಳಲಿಲ್ಲ. ಅವರು ಒಪ್ಪಿಗೆ ಎಂದೇ ಹೇಳಿ ಹೋದರು.

ಅವರ ಗಾಡಿ ಮರೆಯಾದ ಕೂಡಲೇ ನೀಲಾಳ ಕೈ ಬಿಚ್ಚಿದೆ. ಅತ್ತೆಯವರು ಬೇಡವೆನ್ನಲಿಲ್ಲ. ನಿಮ್ಮ ಧೋತರದ ಆ ಅಂಚು ಈಗ ಎಮ್ಮೆಯ ಕರುವಿನ ಕೊರಳಲ್ಲಿದೆ. ಇನ್ನೊಮ್ಮೆ ಅಂಥ ಸಾಲನ್ನು ಬರೆದು ನನ್ನಿಂದ ಓದಿಸಬೇಡಿ, ಓದುವುದಿಲ್ಲ. ನಿಮ್ಮ ಆ ಸುಧೀರಚಂದ್ರನ ಬಗ್ಗೆ ಎಷ್ಟು ಬೇಕಾದರೂ ಬರೆಯಿರಿ, ಪಿಯಾನೋ ಯಾವ ಕೈಯಲ್ಲಿ ಬಾರಿಸಿದ ಎಂಬುದೊಂದನ್ನು ಬಿಟ್ಟು.

ಅತ್ತೆಯವರ ಆಶೀರ್ವಾದ, ನೀಲಾಳ ಶರಣು. ಹಸೀನಾ ಸಲಾಮು ತಿಳಿಸಿದ್ದಾಳೆ. ಮೈ ಕಾಯ್ದುಕೊಳ್ಳಿ. ಸಿಟ್ಟು ಇನ್ನೂ ಇಳಿದಿಲ್ಲ, ಆದರೂ ನಿಮ್ಮ ದಾರಿ ನೋಡುತ್ತಿದ್ದೇನೆ.

ನಿಮ್ಮ
ಕಾಶಿಬಾಯಿ

ತಾ. ಕ.: ಟಪಾಲು ಪೆಟ್ಟಿಗೆಯ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ, ಇದನ್ನೇ ಮುಖ್ಯವಾಗಿ ಓದಿ. ಹೊರಡುವ ಮುಂಚೆ ಲಕ್ಕವ್ವನಿಗೆ ಕುಂಕುಮ ಹಚ್ಚಲು ಒಳಗೆ ಕರೆದಿದ್ದೆ. ಅವಳು ನನ್ನ ಕೈ ಹಿಡಿದು ಮೆಲ್ಲಗೆ ಹೇಳಿದಳು: "ಮಂಗಳವಾರ ಅರಿವಿ ತರಾಕ ವಿಜಾಪುರಕ್ಕ ಬಂದಾಗ ಥೇಟರಿನ್ಯಾಗ ನಿಮ್ಮ ಹಿಂದಿನ ಸಾಲಿನ್ಯಾಗ ನಾ ಇದ್ದೆನ್ರಿ. ನೀವು ಎದ್ದು ಕೂಗಿದ್ರಿ. ನನಗೂ ಕೂಗಬೇಕನಸಿತ್ತು, ಮಂದಿ ನಗತಾರಂತ ಬಾಯಿ ಮುಚ್ಚಿಕೊಂಡು ಕುಂತೆ. ಇವತ್ತ ಕೂಗಿದೆ." ಅವಳಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೇ ಗಂಡನನ್ನು ಕೂಡಿಸಿದಳು. ಆದರೆ ಶಾಂತಪ್ಪನವರು ಗಾಡಿ ಹತ್ತುವಾಗ, "ಹುಡುಗೀ ಅಪ್ಪ ರೇಲ್ವೆದವರು, ಊರೂರು ನೋಡಿದವರು. ಶಿವರಾತ್ರಿಗೆ ಅವರು ಮನಿಗೆ ಬಂದಾಗ ಒಂದು ಮಾತು ಕೇಳತೀನಿ" ಎಂದು ಹೇಳಿ ಹೋಗಿದ್ದಾರೆ. ದೌಲತ ಎಡಚ ಹೌದೋ ಅಲ್ಲವೋ ಎಂದು ಅವರು ಕೇಳುತ್ತಾರೆ. ನೀವು ಪರದೆ, ಬೆಳಕು, ಹಿಂದೆ, ಮುಂದೆ ಎಂದು ಬಿಡಿಸಿ ಹೇಳಲು ಕೂಡಬಾರದು. ಎಡಚನೇ ಎನ್ನಬೇಕು. ಇದು ಸುಳ್ಳಲ್ಲ. ಆ ತಂಬುವಿನಲ್ಲಿ ಕೂತ ಅರ್ಧ ಮಂದಿಗೆ ಅವನು ಎಡಚನೇ ಆಗಿದ್ದ. ಇಷ್ಟು ವರ್ಷ ಮುಂದೆ ಕೂತವರ ಮಾತನ್ನೇ ಆಡಿದಿರಿ. ಒಂದು ಸಲ, ನಿಮ್ಮ ಮಗಳ ಸಲುವಾಗಿ, ಹಿಂದೆ ಕೂತವಳ ಮಾತು ಆಡಿ.