ಬೆಂಕಿ ಸಣ್ಣ ಮಾಡಿದ ತಪ್ಪಿಗೆ

ಬಂಟ್ವಾಳ ಪೇಟೆ
ಜನವರಿ ೧೯, ೨೦೨೫, ಭಾನುವಾರ

ಪ್ರೀತಿಯ ಜಸ್ನಾ, ಅಸ್ಸಲಾಮು ಅಲೈಕುಂ.

ಹೇಗಿದ್ದೀಯ? ಕೆಮ್ಮು ಬಿಟ್ಟಿತೇ? ರಿಯಾದಿನ ಚಳಿಗೆ ಕಿವಿ ಮುಚ್ಚಿಕೊಳ್ಳುತ್ತೀಯೋ ಇಲ್ಲವೋ ಕೇಳು ಎಂದು ಉಮ್ಮ ಎರಡು ಸಲ ಹೇಳಿದರು. ನಿನ್ನ ಲ್ಯಾಬಿನ ಬ್ಯಾಕ್ಟೀರಿಯಾಗಳ ಆರೋಗ್ಯವನ್ನೂ ವಿಚಾರಿಸಿದ್ದೇನೆಂದು ತಿಳಿಸು. ಹೊತ್ತುಹೊತ್ತಿಗೆ ನಿನ್ನ ಕೈಯ ಊಟ ಸಿಗುವ ಭಾಗ್ಯವಂತರು ಈಗ ಅವು ಮಾತ್ರ.

ದಿನಾ ಫೋನಿನಲ್ಲಿ ಮುಖ ನೋಡುವಾಗ ಈ ಕಾಗದ ಯಾಕೆ ಎನ್ನಬೇಡ. ಇದು ಉಮ್ಮನ ಅಪ್ಪಣೆ. ನನ್ನ ಬಾಪ ಸೌದಿಯ ದಮಾಮಿನ ಅಂಗಡಿಯಲ್ಲಿದ್ದ ಇಪ್ಪತ್ತೆರಡು ವರ್ಷವೂ ಕಾಗದ ಬರೆದ ಅನುಭವಿ ಅವರು. "ಫೋನಲ್ಲಿ ಸ್ವರ ನಡುಗಿದ್ರೆ ಗೊತ್ತಾಗ್ತದೆ ಮೋನೇ, ಕಾಗದದಲ್ಲಿ ಗೊತ್ತಾಗುದಿಲ್ಲ" ಎಂಬುದು ಅವರ ಸಿದ್ಧಾಂತ. ಶಿರ್ತಾಡಿಯ ಅಸ್ಕರ್ ಇವತ್ತೇ ರಿಯಾದಿಗೆ ಹೊರಟಿದ್ದಾನೆ. ಅವನ ಬ್ಯಾಗಿನಲ್ಲಿ ಮಾವಿನ ಉಪ್ಪಿನಕಾಯಿಯ ಜೊತೆ ನಾನೂ ಇದ್ದೇನೆ.

ಊರಿನ ಮುಖ್ಯ ಸುದ್ದಿಯೆಂದರೆ ಪೇಟೆಯಲ್ಲಿ ನನ್ನ ಸ್ಥಾನಮಾನ ಏರಿದೆ. ಗಂಡ ಗಲ್ಫಿನಲ್ಲಿರುವ ಹೆಂಗಸರು ಇಲ್ಲಿ ಬೀದಿಗೆ ಹತ್ತು ಮಂದಿ; ಹೆಂಡತಿ ಗಲ್ಫಿನಲ್ಲಿರುವ ಗಂಡಸು ನಾನೊಬ್ಬನೇ. ಜುಮಾ ಮುಗಿಸಿ ಹೊರಗೆ ಬಂದರೆ ಸಾಕು, "ಶುಕೂರಾಕ, ಮನೆಯವರು ಲೀವಲ್ಲಿ ಯಾವಾಗ ಬರುದು? ನಿಮಗೆ ಅತ್ತರು, ಟಾರ್ಚ್ ಎಲ್ಲ ತರ್ತಾರಾ?" ಎಂದು ಕೇಳುತ್ತಾರೆ. "ತರ್ತಾರೆ, ನಿಮಗೆ ಕೊಡುದಿಲ್ಲ" ಎಂದು ಗಾಂಭೀರ್ಯದಿಂದ ಹೇಳಿ ನಮ್ಮ ಮೆಡಿಕಲ್ ಶಾಪಿಗೆ ಬಂದು ಕೂರುತ್ತೇನೆ. ಅಲ್ಲಿ ಮಾತಾಡಲು ಮದ್ದಿಡುವ ಫ್ರಿಜ್ಜಾದರೂ ಉಂಟು.

ನಿನ್ನ ಉದ್ಯೋಗವನ್ನು ಗಿರಾಕಿಗಳಿಗೆ ಹೀಗೆ ವಿವರಿಸುತ್ತೇನೆ, ತಪ್ಪಿದ್ದರೆ ತಿದ್ದು. ಮನುಷ್ಯನ ಒಂದು ಜೀನನ್ನು ಕತ್ತರಿಸಿ, ಉಂಗುರದಂಥ ಡಿಎನ್‌ಎ ಒಂದಕ್ಕೆ ಸೇರಿಸಿ, ಆ ಉಂಗುರವನ್ನು ಬ್ಯಾಕ್ಟೀರಿಯಾದ ಹೊಟ್ಟೆಗೆ ಹಾಕುವುದು. ಆಮೇಲೆ ಆ ಬಡಪಾಯಿ ತನಗೆ ಬೇಡದ, ನಮಗೆ ಬೇಕಾದ ಪ್ರೊಟೀನನ್ನು ಬೇಯಿಸುತ್ತಾ ಕೂರುತ್ತದೆ. ಭಾರವಾಯಿತೆಂದು ಉಂಗುರ ಬಿಸಾಡಿದ ಬ್ಯಾಕ್ಟೀರಿಯಾ ಬದುಕಬಾರದೆಂದು ಅದರ ಊಟಕ್ಕೇ ಆಂಟಿಬಯಾಟಿಕ್ ಬೆರೆಸುತ್ತೀರಂತೆ, ಉಂಗುರ ಇದ್ದದ್ದು ಮಾತ್ರ ಅದನ್ನು ತಾಳುತ್ತದಂತೆ! ನಮ್ಮ ನಿಕಾಹಿನಲ್ಲಿ ಇಷ್ಟು ಕಠಿಣ ಷರತ್ತು ಇರಲಿಲ್ಲ. ಆದರೂ ನೀನು ಹಾಕಿದ ಬೆಳ್ಳಿ ಉಂಗುರ ಬೆರಳಲ್ಲೇ ಉಂಟು ಎಂದು ತಿಳಿಸಬಯಸುತ್ತೇನೆ.

ಈಗ ನನ್ನ ಅಪರಾಧಕ್ಕೆ ಬರುತ್ತೇನೆ. ಅಕ್ಟೋಬರಿನಲ್ಲಿ ನೀನು ಫೋನಿನಲ್ಲಿ ಅತ್ತುಬಿಟ್ಟೆ. ಪ್ರೊಟೀನ್ ರಾಶಿರಾಶಿ ಬರುತ್ತದೆ, ಆದರೆ ಸರಿಯಾಗಿ ಮಡಚಿಕೊಳ್ಳದೆ ಗಂಟುಕಟ್ಟುತ್ತದೆ, ಔಷಧಕ್ಕೆ ಆಗುವುದಿಲ್ಲ, ಹೀಗೇ ಆದರೆ ಕೆಲಸ ನಿಲ್ಲಿಸಿ ಊರಿಗೆ ಕಳಿಸುತ್ತಾರೆ ಎಂದೆ. ನಾನು ಆ ಹೊತ್ತಿಗೆ ತುಪ್ಪದನ್ನದ ಪಾತ್ರೆಯ ಮುಂದಿದ್ದೆ. ಅದೂ ಗಂಟು. ಹಿಂದಿನಿಂದ ಉಮ್ಮ, "ಬೆಂಕಿ ಸಣ್ಣ ಮಾಡು ಮೋನೇ, ನಿಂಗೆಂತ ಅರ್ಜೆಂಟು?" ಎಂದರು. ತಮಾಷೆಗೆ ಅದನ್ನೇ ನಿನಗೆ ದಾಟಿಸಿದೆ. ನೀನು ನಕ್ಕೆ. ಮೂವತ್ತೇಳು ಡಿಗ್ರಿಯಲ್ಲಿ ಓಡುತ್ತಿದ್ದ ಬ್ಯಾಕ್ಟೀರಿಯಾಗಳನ್ನು ಮರುದಿನ ನೀನು ಹದಿನೆಂಟಕ್ಕೆ ಇಳಿಸಿದೆ. ಅವು ನಿಧಾನವಾದವು, ಪ್ರೊಟೀನ್ ಕಡಿಮೆ ಬಂತು, ಆದರೆ ಚಂದಕ್ಕೆ ಮಡಚಿಕೊಂಡು ಬಂತು. ಇದು ಪುಸ್ತಕದಲ್ಲೇ ಉಂಟು, ಲ್ಯಾಬಿನ ಸಾಹೇಬರ ಅವಸರಕ್ಕೆ ಎಲ್ಲರೂ ಮರೆತಿದ್ದೆವು ಎಂದು ನೀನು ಹೇಳಿದ್ದು ನಿಜ. ಬಂಟ್ವಾಳಕ್ಕೆ ಮಾತ್ರ ನಾನು ಇದೆಲ್ಲ ನಮ್ಮ ತುಪ್ಪದನ್ನದ ಪಾತ್ರೆಯ ಪ್ರತಾಪವೆಂದೇ ಹೇಳಿದ್ದೇನೆ.

ಅದರ ಫಲ? ಕೆಲಸ ಉಳಿಯಿತು, ನಿನಗೆ ಇನ್ನೂ ಎರಡು ವರ್ಷದ ಕರಾರು ಬಂತು. ಬೆಂಕಿ ದೊಡ್ಡದೇ ಇರಲಿ ಎಂದಿದ್ದರೆ ನೀನು ಈಗ ಮೊದಲಿನ ಹಾಗೆ ಉಜಿರೆಯ ಕಾಲೇಜಿನಲ್ಲಿ ಪಾಠ ಮಾಡಿ ಸಂಜೆ ಬಸ್ಸಿಗೆ ಮನೆಗೆ ಬರುತ್ತಿದ್ದೆ. ಆ ಕರಾರಿಗೆ ಸಹಿ ಹಾಕಲೋ ಬೇಡವೋ ಎಂದು ನೀನು ಮೂರು ಸಲ ಕೇಳಿದೆ. ಮೂರು ಸಲವೂ "ನಿನ್ನ ಇಷ್ಟ" ಎಂದು ಜಾರಿಕೊಂಡೆ. ತಿಂಗಳ ಕೊನೆಗೆ ಕಂಪೆನಿಗೆ ಉತ್ತರ ಬೇಕು, ನನಗೆ ನೆನಪುಂಟು.

ಗುರುವಾರ ಕಕ್ಕಿಂಜೆಯ ಡೊಂಬಯ್ಯ ಬಂದಿದ್ದರು. ಅವರ ಹೆಂಡತಿಗೆ ಕ್ಯಾನ್ಸರ್. ಮದ್ದಿಗೆ ಇಳಿದುಹೋದ ಬಿಳಿ ರಕ್ತಕಣಗಳನ್ನು ಏರಿಸುವ ಇಂಜೆಕ್ಷನ್ ಬೇಕಿತ್ತು. ನೀನು ಮಾಡುವಂಥದ್ದೇ, ಬೇರೆ ಕಂಪೆನಿಯದ್ದು. ಐಸು ತುಂಬಿದ ಫ್ಲಾಸ್ಕನ್ನು ಮಗುವಿನ ಹಾಗೆ ಎದೆಗೆ ಹಿಡಿದು ನಿಂತಿದ್ದರು. ಇಂಥದ್ದನ್ನೇ ನಮ್ಮ ಮನೆಯವರು ಮಾಡುದು ಎಂದು ಕೊಚ್ಚಿಕೊಂಡೆ. ಅವರು ನಗಲಿಲ್ಲ. "ಹೌದಾ? ಹಾಗಾದ್ರೆ ಅವರನ್ನು ನಡುವಲ್ಲಿ ಬಿಟ್ಟು ಬರ್ಲಿಕ್ಕೆ ಹೇಳ್ಬೇಡಿ ಮಾರಾಯ್ರೆ" ಎಂದರು. ಅವರು ಹೋದ ಮೇಲೂ ನಾನು ಫ್ರಿಜ್ಜಿನ ಬಾಗಿಲು ತೆರೆದು ಹಿಡಿದುಕೊಂಡೇ ಇದ್ದೆ. ತಂಪೆಲ್ಲ ಹೊರಗೆ ಹೋಯಿತು.

ಮತ್ತೆ ವಿಶೇಷವೇನಿಲ್ಲ. ಇಲ್ಲಿ ಎಲ್ಲ ಕ್ಷೇಮ, ನನ್ನ ಚಿಂತೆ ಬೇಡ. ಉಮ್ಮನ ದುಆ ಸದಾ ನಿನ್ನ ತಲೆಯ ಮೇಲಿದೆ. ನಿನ್ನ ರೂಮಿನ ಹುಡುಗಿಯರಿಗೆ ನನ್ನ ಸಲಾಂ, ಉಪ್ಪಿನಕಾಯಿ ಅವರಿಗೂ ಕೊಡು.

ನಿನ್ನ,
ಅಬ್ದುಲ್ ಶುಕೂರ್

ತಾ.ಕ.: ಅಸ್ಕರ್ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ. ಉಮ್ಮ ಕಾಗದ ಓದಿದರು. "ಇಲ್ಲಿ ಎಲ್ಲ ಕ್ಷೇಮ" ಎಂಬಲ್ಲಿ ಬೆರಳಿಟ್ಟು, "ಇದನ್ನೇ ನಾನು ಇಪ್ಪತ್ತೆರಡು ವರ್ಷ ಬರ್ದೆ ಮೋನೇ. ನಿನ್ನ ಬಾಪ ನಂಬಿದ್ರು" ಎಂದರು. ಹೊಸ ಹಾಳೆಗೆ ಸಮಯವಿಲ್ಲ, ಆ ಸಾಲನ್ನು ಓದಬೇಡ. ಸಹಿ ಹಾಕು ಜಸ್ನಾ. ಆದರೆ ನಾನು ಚೆನ್ನಾಗಿದ್ದೇನೆಂದು ತಿಳಿದು ಹಾಕಬೇಡ. ಚೆನ್ನಾಗಿಲ್ಲ. ಅನ್ನ ಈಗ ಗಂಟಾಗುವುದಿಲ್ಲ. ಇವತ್ತೂ ಉಮ್ಮನಿಗೂ ನನಗೂ ಎಂದು ಮೂರು ತಟ್ಟೆಗೆ ಬಡಿಸಿ ಒಂದನ್ನು ಪಾತ್ರೆಗೇ ಸುರಿದೆ. ಇದು ಗೊತ್ತಿದ್ದೇ ಹಾಕು.